ಕುಂಚದ ತುದಿ, ಚರ್ಮದ ಅಂಚು

ಅಕ್ಕನ ಮಗಳು ಶಿವಮೊಗ್ಗದ ಗಾಂಧಿ ಬಜಾರಿನ ಫ್ಯಾನ್ಸಿ ಸ್ಟೋರಿನಿಂದ ಬಂದವಳೇ ಊಟದ ಮೇಜಿನ ಮೇಲೆ ಚೀಲ ಸುರಿದಳು. 280 ರೂಪಾಯಿಗೆ 12 ಬ್ರಷ್‌ಗಳ ಸೆಟ್ಟು, ಅದಕ್ಕೊಂದು ಗುಲಾಬಿ ಬಣ್ಣದ ಪೌಚು. ಒಂದು ಮಾಯಿಶ್ಚರೈಸರ್, ಒಂದು ಫೇಸ್‌ವಾಶ್, ಒಂದು ಸನ್‌ಸ್ಕ್ರೀನ್. ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ. ಪಕ್ಕದಲ್ಲಿ ಗೆಳತಿಯಿಂದ ಕೇಳಿ ತಂದ ಒಂದೇ ಒಂದು ಪೌಡರ್ ಬ್ರಷ್ ಇತ್ತು. ಅದೊಂದರ ಬೆಲೆ 1,900 ರೂಪಾಯಿ.

"ಚಿಕ್ಕೀ, ಇಷ್ಟು ಕಡಿಮೆಗೆ ಸಿಕ್ಕಿದ್ದು ಮುಖಕ್ಕೆ ಹಚ್ಚಬೋದಾ? ಬೇಡ ಅಂದ್ರೆ ಈಗ್ಲೇ ಹೇಳು, ವಾಪಸ್ ಕೊಟ್ಟು ಬರ್ತೀನಿ."

ಅವಳ ಪ್ರಶ್ನೆಗೆ ಬೆಲೆಚೀಟಿ ಉತ್ತರ ಹೇಳುವುದಿಲ್ಲ. ಬ್ರಷ್ ಎಷ್ಟೇ ದುಬಾರಿಯದಾಗಲಿ, ಮುಖಕ್ಕೆ ತಾಗುವುದು ಎಳೆಗಳ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ. ಹಿಡಿಯ ಹೊಳಪಾಗಲಿ ಪೌಚಾಗಲಿ ಕೆನ್ನೆಯನ್ನು ಮುಟ್ಟುವುದಿಲ್ಲ. ಕ್ರೀಮಿನ ಕತೆಯೂ ಅದೇ. ಅದರ ಬಹುಪಾಲು ಕೆಲಸ ಮುಗಿಯುವುದು ಚರ್ಮದ ತೀರಾ ಹೊರಪದರದಲ್ಲಿ. ಆ ಪದರದ ದಪ್ಪ ಸುಮಾರು 10ರಿಂದ 20 ಮೈಕ್ರಾನ್, ಅಂದರೆ ಚಪಾತಿ ಸುತ್ತಿಡುವ ಅಲ್ಯೂಮಿನಿಯಂ ಹಾಳೆಯಷ್ಟು. ಈ ಕಡೆ ಎಳೆಯ ತುದಿ, ಆ ಕಡೆ ಹಾಳೆಯಂಥ ಚರ್ಮ. ಎರಡೂ ಸಂಧಿಸುವಲ್ಲಿ ಏನಾಗುತ್ತದೆ ಎಂದು ನೋಡಲು ನಮ್ಮ ಊಟದ ಮೇಜೇ ಸಾಕಿತ್ತು. ಅವಳು ಹೋಗಬೇಕಿದ್ದ ಒಂದು ಮದುವೆಗೆ ಇನ್ನೂ ಎರಡು ತಿಂಗಳಿತ್ತು, ನನಗೆ ರಜೆಯಿತ್ತು.

ಮೊದಲು ಸುಟ್ಟು ನೋಡಿದೆವು. ಸೆಟ್ಟಿನ ಮೇಲೆ ಮೇಕೆ ಕೂದಲಿನದು ಎಂದು ಬರೆದಿತ್ತು. ಅದರಿಂದ ಉದುರಿದ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಮೇಣದಬತ್ತಿಯ ಉರಿಗೆ ತಂದೆ. ಎಳೆ ಬೆಂಕಿ ತಾಗುವ ಮೊದಲೇ ಹಿಂದೆ ಸುರುಟಿಕೊಂಡು ಕರಗಿತು. ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಗಟ್ಟಿ ಗುಂಡು ಉಳಿಯಿತು, ಪ್ಲಾಸ್ಟಿಕ್ಕಿನ ವಾಸನೆ ಬಂತು. ಗೆಳತಿಯ ಬ್ರಷ್‌ನಿಂದ ತಾನಾಗಿ ಉದುರಿದ್ದ ಎಳೆ ಚಿಟಚಿಟ ಎಂದು ಉರಿದು, ಕೂದಲು ಸುಟ್ಟ ವಾಸನೆ ಬಿಟ್ಟು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿಯಾಯಿತು. ಪ್ರಾಣಿಯ ಕೂದಲು ಕೆರಾಟಿನ್ ಎಂಬ ಪ್ರೋಟೀನ್. ಅದರಲ್ಲಿ ಗಂಧಕ ಇರುವುದರಿಂದಲೇ ಆ ವಾಸನೆ. ಕರಗಿ ಗುಂಡಾದದ್ದು ನೈಲಾನ್ ಅಥವಾ ಪಾಲಿಯೆಸ್ಟರ್.

ಅಕ್ಕನ ಮಗಳ ಮುಖ ಸಪ್ಪಗಾಯಿತು. ಬೇಜಾರಾಗುವಂಥದ್ದೇನೂ ಇಲ್ಲ ಎಂದು ನಾನು ಹೇಳಿದ್ದು ಸಮಾಧಾನಕ್ಕಲ್ಲ. ನೈಲಾನ್ ಜನರ ಕೈಗೆ ಮೊದಲು ಬಂದದ್ದೇ ಬ್ರಷ್ಷಿನ ರೂಪದಲ್ಲಿ: 1938ರಲ್ಲಿ, ಹಂದಿಯ ಕೂದಲಿನ ಬದಲು ಹಲ್ಲುಜ್ಜುವ ಬ್ರಷ್‌ನ ಎಳೆಯಾಗಿ. ಕಾಲುಚೀಲವಾಗಿ ಅದು ಹೆಸರು ಮಾಡಿದ್ದು ಆಮೇಲೆ. ಪ್ರಾಣಿಯ ಕೂದಲಿನ ಮೈಮೇಲೆ ಹೆಂಚು ಹೊದಿಸಿದಂತೆ ಸಣ್ಣ ಹುರುಪೆಗಳಿರುತ್ತವೆ. ಪೌಡರಿನ ಕಣಗಳು ಅಲ್ಲಿ ಸಿಕ್ಕಿ ನಿಂತು, ಕೆನ್ನೆಯ ಮೇಲೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಳ್ಳುತ್ತವೆ. ನೈಲಾನ್ ಎಳೆಯ ಮೈ ನುಣುಪು. ಪೌಡರನ್ನು ಅದು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಆದರೆ ದ್ರವ ರೂಪದ ಫೌಂಡೇಶನ್ನನ್ನು ಹೀರಿ ಹಾಳು ಮಾಡುವುದೂ ಇಲ್ಲ. ತೊಳೆದರೆ ಬೇಗ ಒಣಗುತ್ತದೆ. ಪ್ರಾಣಿಯ ಕೂದಲು ಎಲ್ಲಿಂದ, ಹೇಗೆ ಬಂತು ಎಂಬ ಚಿಂತೆಯೂ ಇಲ್ಲ. ಚಿತ್ರ ಬರೆಯುವ ಕುಂಚಗಳಿಗಾಗಿ ನಮ್ಮ ದೇಶದಲ್ಲಿ ಮುಂಗುಸಿಗಳನ್ನು ಕೊಲ್ಲುವುದು ಕಾನೂನಿನ ನಿಷೇಧದ ನಂತರವೂ ಪೂರ್ತಿ ನಿಂತಿಲ್ಲ. ಹಾಗಾಗಿ ಕಡಿಮೆ ಬೆಲೆಯ ನೈಲಾನ್ ಬ್ರಷ್ ಕಂಡರೆ ನನಗೆ ಗೌರವವೇ.

ಆಮೇಲೆ ಫೋಲ್ಡ್‌ಸ್ಕೋಪ್ ತೆಗೆದೆ. ಮೀರತ್‌ನಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ಮನು ಪ್ರಕಾಶ್ ಮತ್ತು ಅವರ ತಂಡ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ ಅದು. ಮಡಿಸಿ ಜೋಡಿಸಿದರೆ ಜೇಬಿನಲ್ಲಿ ಕೂರುತ್ತದೆ, 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಗೆಳತಿಯ ಬ್ರಷ್‌ನ ಎಳೆ ತುದಿಯತ್ತ ಬರಬರುತ್ತ ಸಣ್ಣಗಾಗಿ, ಗರಿಕೆಯ ತುದಿಯಂತೆ ಮುಗಿದಿತ್ತು. ಸೆಟ್ಟಿನ ಬ್ರಷ್‌ಗಳಲ್ಲಿ ಎರಡು ಜಾತಿ ಕಂಡವು. ಕೆಲವುಗಳ ತುದಿ ಸಣ್ಣಗಾಗಿ ಮುಗಿದಿತ್ತು. ಕೆಲವುಗಳ ತುದಿ ಕತ್ತರಿಯಲ್ಲಿ ಕತ್ತರಿಸಿದ ಕೊಳವೆಯಂತೆ ಮೊಂಡಾಗಿತ್ತು. ಇಡೀ ಸೆಟ್ಟಿನ ಗುಟ್ಟು ಅಲ್ಲೇ ಇತ್ತು.

ಜಪಾನಿನ ಹಿರೋಶಿಮಾ ಪ್ರಾಂತದ ಕುಮಾನೊ ಎಂಬ ಸಣ್ಣ ಊರಿನವರು ಈ ತುದಿಗಾಗಿಯೇ ಹೆಸರಾದವರು. ಜಪಾನಿನಲ್ಲಿ ತಯಾರಾಗುವ ಕುಂಚಗಳಲ್ಲಿ ಸುಮಾರು ಶೇಕಡಾ 80 ಅಲ್ಲಿಯವು. ಅಲ್ಲಿನ ಕುಶಲಕರ್ಮಿಗಳು ಬ್ರಷ್‌ಗೆ ಗುಂಡಗಿನ ಆಕಾರ ಕೊಡಲು ತುದಿಯನ್ನು ಕತ್ತರಿಸುವುದಿಲ್ಲ. ಕೂದಲನ್ನು ಅಚ್ಚಿನಲ್ಲಿ ತುದಿ ಕೆಳಗಾಗಿ ಜೋಡಿಸಿ ಆಕಾರ ಬರಿಸುತ್ತಾರೆ, ಹೆಚ್ಚಾದದ್ದನ್ನು ಬುಡದಲ್ಲಿ ಕತ್ತರಿಸುತ್ತಾರೆ. 2011ರಲ್ಲಿ ವಿಶ್ವಕಪ್ ಗೆದ್ದ ಜಪಾನಿನ ಮಹಿಳಾ ಫುಟ್‌ಬಾಲ್ ತಂಡಕ್ಕೆ ಸರ್ಕಾರ ಗೌರವದ ಉಡುಗೊರೆಯಾಗಿ ಕೊಟ್ಟದ್ದು ಕುಮಾನೊದ ಮೇಕಪ್ ಬ್ರಷ್‌ಗಳನ್ನೇ. ಕೃತಕ ಎಳೆಯಲ್ಲೂ ತುದಿಯನ್ನು ಸಣ್ಣದಾಗಿಸಬಹುದು. ಪಾಲಿಯೆಸ್ಟರ್ ಎಳೆಗಳ ತುದಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದರೆ ಅದು ಸವೆದು ಚೂಪಾಗುತ್ತದೆ. ಈ ಒಂದು ಹಂತ ನಡೆದಿದೆಯೋ ಇಲ್ಲವೋ ಎಂಬುದನ್ನು ನಿಮ್ಮ ಒಳಮಣಿಕಟ್ಟು ಸೂಕ್ಷ್ಮದರ್ಶಕವಿಲ್ಲದೆಯೂ ಹೇಳುತ್ತದೆ. ಬ್ರಷ್ಷನ್ನು ಅಲ್ಲಿ ಸುಮ್ಮನೆ ಎಳೆಯಬೇಡಿ, ನೇರ ನಿಲ್ಲಿಸಿ ಮೆಲ್ಲಗೆ ಒತ್ತಿ. ಮೊಂಡು ತುದಿಗಳಿದ್ದರೆ ಚುಚ್ಚುತ್ತದೆ.

ಆದರೆ ಮೆದುವಾಗಿದ್ದಷ್ಟೂ ಒಳ್ಳೆಯದೆಂದೂ ಅಲ್ಲ. ತೆಂಗಿನ ಗರಿಯ ಒಂದು ಉದ್ದ ಕಡ್ಡಿಯನ್ನು ಮೇಜಿನ ಮೇಲೆ ನಿಲ್ಲಿಸಿ ಮೇಲಿಂದ ಒತ್ತಿ, ಸುಲಭವಾಗಿ ಬಾಗುತ್ತದೆ. ಅದನ್ನೇ ಅರ್ಧಕ್ಕೆ ಮುರಿದು ಒತ್ತಿದರೆ ಬಾಗಿಸಲು ಸುಮಾರು ನಾಲ್ಕು ಪಟ್ಟು ಬಲ ಬೇಕು. ಉದ್ದ ಅಷ್ಟೇ ಇದ್ದು ದಪ್ಪ ಎರಡರಷ್ಟಾದರೆ 16 ಪಟ್ಟು. 18ನೇ ಶತಮಾನದ ಗಣಿತಜ್ಞ ಆಯ್ಲರ್ ಕಂಬಗಳಿಗೆಂದು ಕಂಡುಹಿಡಿದ ಈ ಲೆಕ್ಕ ಬ್ರಷ್ಷಿನ ಪ್ರತಿ ಎಳೆಗೂ ಹೊಂದುತ್ತದೆ. ಫೌಂಡೇಶನ್ ಬ್ರಷ್ ಗಿಡ್ಡವಾಗಿ, ಒತ್ತೊತ್ತಾಗಿ ಇರುವುದು ದಪ್ಪ ದ್ರವವನ್ನು ತಳ್ಳಿ ಹರಡುವ ಬಲಕ್ಕಾಗಿ. ಪೌಡರ್ ಬ್ರಷ್ ಉದ್ದವಾಗಿ, ಸಡಿಲವಾಗಿ ಇರುವುದು ಚರ್ಮಕ್ಕೆ ಒತ್ತಡ ಬೀಳದಂತೆ ಬಾಗಲೆಂದು. ಅಗ್ಗದ ಸೆಟ್ಟುಗಳು ಎಡವುವುದು ಬಹಳ ಸಲ ಇಲ್ಲಿಯೇ. 12 ಬ್ರಷ್‌ಗೂ ಒಂದೇ ದಪ್ಪದ ಎಳೆ ಹಾಕಿರುತ್ತಾರೆ. ಹಾಗಾಗಿ ಅದರಲ್ಲಿ ಗಿಡ್ಡವಾದವು ಚೆನ್ನಾಗಿರುತ್ತವೆ, ಉದ್ದವಾದವು ಜೋಲುತ್ತವೆ, ಅಥವಾ ಇದಕ್ಕೆ ತಿರುಗುಮುರುಗು.

ಉದುರುವುದನ್ನು ಎಣಿಸಿದೆವು. ಬೇಬಿ ಶಾಂಪೂ ಹಾಕಿ ಮೊದಲ ಸಲ ತೊಳೆದಾಗ ದೊಡ್ಡ ಪೌಡರ್ ಬ್ರಷ್‌ನಿಂದ 17 ಎಳೆ ಬಂದವು, ಎರಡನೇ ಸಲ 3, ಮೂರನೇ ಸಲ ಒಂದೂ ಇಲ್ಲ. ಅಂಟಿಗೆ ಸಿಕ್ಕದೆ ಸಡಿಲ ಉಳಿದಿದ್ದವು ಮೊದಲೇ ಬಂದುಬಿಡುತ್ತವೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಇನ್ನೊಂದು ಬ್ರಷ್ ಮಾತ್ರ ಮೂರನೇ ತೊಳೆತದಲ್ಲೂ ಕಂತೆಕಂತೆಯಾಗಿ ಉದುರಿತು, ಅದನ್ನು ಕಿಟಕಿಯ ಸಂದಿಯ ಧೂಳು ಹೊಡೆಯಲು ಇಟ್ಟುಕೊಂಡೆ. ಕೊನೆಗೆ 12ರಲ್ಲಿ 7 ಮುಖಕ್ಕೆ ಯೋಗ್ಯವೆಂದು ಉಳಿದವು. ಒಂದಕ್ಕೆ 40 ರೂಪಾಯಿ ಬಿತ್ತು.

ತೊಳೆಯುವುದರ ಬಗ್ಗೆ ನಿಂತು ಹೇಳಬೇಕು, ಏಕೆಂದರೆ ಬ್ರಷ್ಷಿನ ಬೆಲೆಗಿಂತ ಚರ್ಮಕ್ಕೆ ಮುಖ್ಯವಾದದ್ದು ಇದು. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಜನ ಬಳಸಿ ಬಿಟ್ಟ 467 ಮೇಕಪ್ ವಸ್ತುಗಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಪಾಲು ವಸ್ತುಗಳಲ್ಲಿ ಬ್ಯಾಕ್ಟೀರಿಯಾ ಸಿಕ್ಕವು. ಎಲ್ಲಕ್ಕಿಂತ ಕೆಟ್ಟ ಸ್ಥಿತಿ ಫೌಂಡೇಶನ್ ಹಚ್ಚುವ ಸ್ಪಂಜುಗಳದು. ಅವುಗಳಲ್ಲಿ ಶೇಕಡಾ 93ನ್ನು ಒಮ್ಮೆಯೂ ತೊಳೆದಿರಲಿಲ್ಲ, ಶೇಕಡಾ 64 ಒಮ್ಮೆಯಾದರೂ ನೆಲಕ್ಕೆ ಬಿದ್ದಿದ್ದವು. ಒದ್ದೆ, ಎಣ್ಣೆ, ಸತ್ತ ಚರ್ಮದ ಪುಡಿ ಒಂದೇ ಕಡೆ ಸೇರಿದರೆ ಸೂಕ್ಷ್ಮಜೀವಿಗೆ ಇನ್ನೇನು ಬೇಕು? ಬ್ರಷ್ ತೊಳೆಯುವಾಗ ತಲೆ ಕೆಳಗಿರಲಿ. ಎಳೆಗಳನ್ನು ಹಿಡಿಗೆ ಬಿಗಿಯುವ ಲೋಹದ ಕೊಳವೆಯೊಳಗೆ ನೀರು ಇಳಿದರೆ ಅಂಟು ಸಡಿಲವಾಗುತ್ತದೆ. ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಿದರೂ ಅದೇ ಗತಿ. ಮೇಜಿನ ಅಂಚಿನಲ್ಲಿ ಮಲಗಿಸಿ, ತಲೆ ಮಾತ್ರ ಹೊರಗೆ ಚಾಚುವಂತೆ ಇಟ್ಟರೆ ಸುತ್ತಲೂ ಗಾಳಿಯಾಡುತ್ತದೆ. ರಾತ್ರಿ ಇಟ್ಟ ನೈಲಾನ್ ಬ್ರಷ್‌ಗಳು ಬೆಳಗಿನ ಕಾಫಿ ಹೊತ್ತಿಗೆ ಗರಿಗರಿಯಾಗಿದ್ದವು. ಗೆಳತಿಯ ಕೂದಲಿನ ಬ್ರಷ್ಷಿನ ಹೊಟ್ಟೆಯಲ್ಲಿ ಇನ್ನೂ ತಂಪಿತ್ತು.

ಇನ್ನು ಡಬ್ಬಿ, ಟ್ಯೂಬುಗಳು.

ಚರ್ಮದ ಹೊರಪದರವನ್ನು ವಿಜ್ಞಾನಿ ಪೀಟರ್ ಇಲಾಯಸ್ ಇಟ್ಟಿಗೆ ಗೋಡೆಗೆ ಹೋಲಿಸಿದರು. ಸತ್ತು ಚಪ್ಪಟೆಯಾದ ಕೋಶಗಳು ಇಟ್ಟಿಗೆ. ಅವುಗಳ ನಡುವಿನ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು ಗಾರೆ. ಒಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನದು ನುಗ್ಗದಂತೆ ಕಾಯುವುದು ಈ ಗಾರೆಯೇ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ ಸುಮಾರು 4.5ರಿಂದ 5.5. ಶಾಲಾ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಪಿಎಚ್ ಕಾಗದದ ಒಂದು ಪುಟ್ಟ ಪುಸ್ತಕ ತಂದು ಬಚ್ಚಲುಮನೆಯ ಸೋಪಿನ ನೊರೆಗೆ ತಾಗಿಸಿದೆವು. ಕಾಗದ ಕಡು ಹಸಿರು ದಾಟಿ ನೀಲಿಯತ್ತ ಹೋಯಿತು, 9ರ ಮೇಲೆ. 5ಕ್ಕೂ 9ಕ್ಕೂ ಅಂತರ ನಾಲ್ಕಲ್ಲ. ಪಿಎಚ್‌ನ ಪ್ರತಿ ಮೆಟ್ಟಿಲೂ ಹತ್ತು ಪಟ್ಟಾದ್ದರಿಂದ ಅದು ಹತ್ತು ಸಾವಿರ ಪಟ್ಟು. ಎಣ್ಣೆ ಮತ್ತು ಕ್ಷಾರ ಸೇರಿಸಿ ಮಾಡಿದ ಯಾವ ಸೋಪಿನ ಸ್ವಭಾವವೂ ಹೀಗೆಯೇ. ಅದು ಬೆಲೆಯ ದೋಷವಲ್ಲ. ಅವಳು ತಂದ ಅಗ್ಗದ ಫೇಸ್‌ವಾಶ್ ಕಾಗದವನ್ನು ಹಳದಿಯಲ್ಲೇ ಉಳಿಸಿತು, 5ರ ಆಸುಪಾಸು. ಕುತೂಹಲಕ್ಕೆ ನಿಂಬೆರಸವನ್ನೂ ತಾಗಿಸಿದೆವು. ಕಾಗದ ಕೆಂಪಾಯಿತು, 2ರ ಹತ್ತಿರ. ಮುಖಕ್ಕೆ ನಿಂಬೆಹಣ್ಣು ಉಜ್ಜಿ ಬಿಸಿಲಿಗೆ ಹೋಗುವ ಮನೆಮದ್ದನ್ನು ದಯವಿಟ್ಟು ಬಿಡಿ. ನಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಟ್ಟು, ಕಲೆ ಉಳಿಸುತ್ತವೆ.

ಮಾಯಿಶ್ಚರೈಸರ್ ಮಾಡುವುದು ಮೂರು ಕೆಲಸ. ಗ್ಲಿಸರಿನ್‌ನಂಥದು ನೀರನ್ನು ಹಿಡಿದಿಡುತ್ತದೆ. ಎಣ್ಣೆಯಂಥದು ಇಟ್ಟಿಗೆಗಳ ನಡುವಿನ ಬಿರುಕು ತುಂಬಿ ಮೈ ನುಣುಪಾಗಿಸುತ್ತದೆ. ಪೆಟ್ರೋಲಿಯಂ ಜೆಲ್ಲಿಯಂಥದು ಮೇಲೆ ಮುಚ್ಚಳ ಹಾಕುತ್ತದೆ. ಚಳಿಗಾಲದಲ್ಲಿ ತುಟಿಗೆ ಬೆಣ್ಣೆ ಸವರುತ್ತಿದ್ದ ಅಜ್ಜಿ ಮಾಡುತ್ತಿದ್ದದ್ದೂ ಇದೇ ಮುಚ್ಚುವ ಕೆಲಸ. ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನಜ್ಞ ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳಿಗೆ ಹೋಗಿದ್ದಾಗ, ಪಂಪಿನ ಸರಳುಗಳಿಗೆ ಅಂಟುವ ಮೇಣವನ್ನು ಕೆಲಸಗಾರರು ಗಾಯಕ್ಕೆ, ಸುಟ್ಟ ಜಾಗಕ್ಕೆ ಹಚ್ಚಿಕೊಳ್ಳುವುದನ್ನು ಕಂಡ. ಅದನ್ನು ಶುದ್ಧಿ ಮಾಡಿ 1872ರಲ್ಲಿ ವ್ಯಾಸಲೀನ್ ಹೆಸರಿನಲ್ಲಿ ಪೇಟೆಂಟ್ ಪಡೆದ. ಚರ್ಮದಿಂದ ನೀರು ಆರುವುದನ್ನು ತಡೆಯುವುದರಲ್ಲಿ ಇಂದಿಗೂ ಅದನ್ನು ಮೀರಿಸುವ ವಸ್ತು ಸಿಗುವುದು ಕಷ್ಟ.

ಹಾಗಾದರೆ ಹೆಚ್ಚಿನ ಬೆಲೆ ಯಾತಕ್ಕೆ? ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ 174 ಮಾಯಿಶ್ಚರೈಸರ್‌ಗಳನ್ನು ಚರ್ಮವೈದ್ಯರ ತಂಡವೊಂದು ಪರಿಶೀಲಿಸಿ 2017ರಲ್ಲಿ ವರದಿ ಮಾಡಿತು. ಒಂದು ಔನ್ಸಿನ ಬೆಲೆ 10 ಸೆಂಟಿನಿಂದ ಒಂಬತ್ತೂವರೆ ಡಾಲರಿನವರೆಗೆ ಹರಡಿತ್ತು. ಪರಿಮಳವಿಲ್ಲ ಎಂದು ಬರೆದುಕೊಂಡಿದ್ದವುಗಳಲ್ಲೇ ಶೇಕಡಾ 45ರಲ್ಲಿ ಪರಿಮಳಕ್ಕೆ ಸಂಬಂಧಿಸಿದ ಅಲರ್ಜಿಕಾರಕವೋ ಸಸ್ಯಸಾರವೋ ಇತ್ತು. ಡಬ್ಬಿಯ ಮುಂಭಾಗ ಓದುವುದಕ್ಕಿಂತ ಹಿಂಭಾಗ ಓದುವುದು ಮೇಲು. ನಮ್ಮ ದೇಶದ ನಿಯಮದಂತೆ ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕ್ರಮದಲ್ಲೇ ಬರೆಯಬೇಕು. ಪಟ್ಟಿಯ ಮೊದಲ ಐದಾರು ಹೆಸರು ನೋಡಿ. ನೀರು, ಗ್ಲಿಸರಿನ್, ಒಂದು ಎಣ್ಣೆ, ಒಂದು ಮೇಣ, ಎಣ್ಣೆ–ನೀರನ್ನು ಬೆರೆಸಿಡುವ ಒಂದು ಪದಾರ್ಥ. 150 ರೂಪಾಯಿಯದಾಗಲಿ 2,000 ರೂಪಾಯಿಯದಾಗಲಿ ಬಹಳ ಸಲ ಇದೇ ಸಂಸಾರ.

ಕೊನೆಯಲ್ಲಿ ಬರುವ ಆಕರ್ಷಕ ಹೆಸರುಗಳಿಗೆ ಇನ್ನೊಂದು ಅಳತೆಗೋಲಿದೆ. 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಎಂಬ ಇಬ್ಬರು ಸಂಶೋಧಕರು, ಅಣುತೂಕ 500 ಡಾಲ್ಟನ್ ದಾಟಿದ ವಸ್ತು ಆರೋಗ್ಯವಂತ ಚರ್ಮದೊಳಗೆ ಇಳಿಯುವುದು ಕಷ್ಟವೆಂದು ತೋರಿಸಿದರು. ಬಿ3 ವಿಟಮಿನ್ನಿನ ರೂಪವಾದ ನಯಾಸಿನಮೈಡ್‌ನ ಅಣುತೂಕ 122. ಅದು ಇಳಿಯಬಲ್ಲದು, ಅಗ್ಗವೂ ಹೌದು. ಕೊಲಾಜನ್‌ನದು ಸುಮಾರು ಮೂರು ಲಕ್ಷ. ಕ್ರೀಮಿನ ಕೊಲಾಜನ್ ಚರ್ಮದ ಮೇಲೆ ಕೂತು ನೀರು ಹಿಡಿಯಬಹುದು, ಒಳಗಿನ ಕೊಲಾಜನ್ನಿಗೆ ಅದು ಸೇರುವುದಿಲ್ಲ.

ಸನ್‌ಸ್ಕ್ರೀನಿನಲ್ಲಿ ಕಡಿಮೆ ಬೆಲೆ ಒಂದು ಗುಣವೇ ಆಗಿಬಿಡುತ್ತದೆ. ಎಸ್‌ಪಿಎಫ್ 30 ಅಂದರೆ ಸುಡುವ ಕಿರಣಗಳಲ್ಲಿ ಶೇಕಡಾ 97ರಷ್ಟನ್ನು, 50 ಅಂದರೆ 98ರಷ್ಟನ್ನು ತಡೆಯುತ್ತದೆ. ಆದರೆ ಆ ಅಂಕಿ ಸಿಗುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಮುಖಕ್ಕೂ ಕತ್ತಿಗೂ ಸೇರಿ ಒಂದು ಗ್ರಾಂಗಿಂತ ಹೆಚ್ಚು ಬೇಕು, ಎರಡು ಬೆರಳುದ್ದಕ್ಕೂ ಹಿಂಡಿದಷ್ಟು. ಹಾಗೆ ಹಚ್ಚಿದರೆ 50 ಗ್ರಾಂ ಟ್ಯೂಬು ಒಂದೂವರೆ ತಿಂಗಳೂ ಬರುವುದಿಲ್ಲ. ಟ್ಯೂಬಿನ ಬೆಲೆ ಏರಿದಷ್ಟೂ ಕೈ ಬಿಗಿಯಾಗುತ್ತದೆ, ಹಚ್ಚುವ ಪದರ ತೆಳುವಾಗುತ್ತದೆ, ಡಬ್ಬಿಯ ಮೇಲಿನ 50 ಮುಖದ ಮೇಲೆ ತೀರಾ ಚಿಕ್ಕ ಸಂಖ್ಯೆಯಾಗುತ್ತದೆ. ಧಾರಾಳವಾಗಿ ಹಚ್ಚುವ ಧೈರ್ಯ ಕೊಡುವ ಸನ್‌ಸ್ಕ್ರೀನೇ ಒಳ್ಳೆಯ ಸನ್‌ಸ್ಕ್ರೀನ್.

ಅವಳು ತಂದದ್ದರಲ್ಲಿ ಸತುವಿನ ಆಕ್ಸೈಡ್ ಇತ್ತು. ಹಚ್ಚಿದ ಮೇಲೆ ಮುಖ ಬೆಳ್ಳಗೆ ಬೂದಿ ಬಳಿದಂತಾಯಿತು. "ಯಕ್ಷಗಾನದ ವೇಷ ಆಯ್ತಲ್ಲೇ" ಎಂದಳು ಅಕ್ಕ. ಅವಳು ಹೇಳಿದ್ದು ಅಕ್ಷರಶಃ ನಿಜ. ವೇಷ ಕಟ್ಟುವ ಚೌಕಿಯಲ್ಲಿ ಕಲಾವಿದರು ಮುಖಕ್ಕೆ ಬಳಸುವ ಬಿಳಿ ಸಫೇದ ಇದೇ ಸತುವಿನ ಆಕ್ಸೈಡ್. ಕಂದು ಚರ್ಮದವರಿಗೆ ಕಬ್ಬಿಣದ ಆಕ್ಸೈಡ್ ಸೇರಿಸಿದ, ಮೈಬಣ್ಣದ ಸನ್‌ಸ್ಕ್ರೀನ್ ಇದಕ್ಕಿಂತ ಹೊಂದುತ್ತದೆ. ಬಂಗು ಇರುವವರಿಗೆ ಅದು ಕಣ್ಣಿಗೆ ಕಾಣುವ ಬೆಳಕಿನಿಂದಲೂ ರಕ್ಷಣೆ ಕೊಡುತ್ತದೆ. ಅದೇ ಚೌಕಿಯಲ್ಲಿ ಹಿಂದೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಅರೆಯುತ್ತಿದ್ದರು. ಒಂದು ಆರ್ಸೆನಿಕ್ಕಿನ ಸಂಯುಕ್ತ, ಇನ್ನೊಂದು ಪಾದರಸದ್ದು.

ಪಾದರಸದ ಮಾತು ಬಂದಾಗ ಅಕ್ಕನ ಮಗಳು ಒಳಗೆ ಹೋಗಿ ಇನ್ನೊಂದು ಪುಟ್ಟ ಡಬ್ಬಿ ತಂದಳು. ಯಾರೋ ಕೈಯಿಂದ ಕೈಗೆ ಕೊಟ್ಟ ಬಿಳಿಯಾಗುವ ಕ್ರೀಮು. ಪದಾರ್ಥಗಳ ಪಟ್ಟಿ ಇಲ್ಲ, ತಯಾರಕರ ವಿಳಾಸ ಇಲ್ಲ, ಪರವಾನಗಿ ಸಂಖ್ಯೆ ಇಲ್ಲ. "ಒಂದೇ ವಾರಕ್ಕೆ ಬೆಳ್ಳಗಾಗಿದ್ದೆ ಚಿಕ್ಕಿ. ಬಿಟ್ಟ ಮೇಲೆ ಕೆಂಪಗೆ ಉರಿ ಶುರುವಾಯ್ತು." ನನ್ನ ಎದೆ ಧಸಕ್ಕೆಂದಿತು. ಬಿಟ್ಟ ಕೂಡಲೇ ಉರಿದು ಕೆಂಪೇಳುವುದು ಸ್ಟಿರಾಯ್ಡ್ ಬೆರೆತ ಕ್ರೀಮಿನ ಲಕ್ಷಣ. ಚರ್ಮ ತೆಳ್ಳಗಾಗಿ, ರಕ್ತನಾಳ ಕಾಣುವಂತಾಗಿ, ಕ್ರೀಮಿಲ್ಲದೆ ಇರಲಾಗದ ಸ್ಥಿತಿಗೆ ತರುತ್ತದೆ. ಪಾದರಸವಾದರೆ ಚರ್ಮದ ಬಣ್ಣ ತಯಾರಿಸುವ ಕಿಣ್ವವನ್ನು ತಡೆಯುತ್ತದೆ, ಮತ್ತು ಅಲ್ಲಿಗೇ ನಿಲ್ಲುವುದಿಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ನಡುವೆ ಒಂದೇ ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ವೈದ್ಯರು ಕಂಡರು. ಅವರಲ್ಲಿ 15 ಜನರ ಕಾಯಿಲೆ ಪಾದರಸದೊಂದಿಗೆ ತಳುಕು ಹಾಕಿಕೊಂಡ ಅಪರೂಪದ ಜಾತಿಯದು. ಆ 15ರಲ್ಲಿ 13 ಜನ ಬಿಳಿಯಾಗುವ ಕ್ರೀಮು ಹಚ್ಚುತ್ತಿದ್ದರು. ಕ್ರೀಮಿನೊಳಗಿನ ಪಾದರಸವನ್ನಾಗಲಿ ಸ್ಟಿರಾಯ್ಡನ್ನಾಗಲಿ ಊಟದ ಮೇಜಿನ ಮೇಲೆ ಪರೀಕ್ಷಿಸುವ ಉಪಾಯವಿಲ್ಲ. ಪಟ್ಟಿಯಿಲ್ಲದ ಡಬ್ಬಿಯನ್ನು ಮುಖದ ಹತ್ತಿರ ತರಬೇಡಿ. ಆ ದಿನವೇ ಅವಳನ್ನು ಚರ್ಮವೈದ್ಯರ ಬಳಿ ಕರೆದುಕೊಂಡು ಹೋದೆ. ಕೆಂಪು ಇಳಿಯಲು ಮೂರು ವಾರ ಹಿಡಿಯಿತು. ಅಷ್ಟು ದಿನ ನಮ್ಮ ಪ್ರಯೋಗ ನಿಂತಿತ್ತು.

ವೈದ್ಯರು ಹೂಂ ಎಂದ ಮೇಲೆ ಹೊಸ ಮಾಯಿಶ್ಚರೈಸರನ್ನು ಮೊದಲು ಮೊಣಕೈಯ ಒಳಭಾಗದಲ್ಲಿ, ದಿನಕ್ಕೆರಡು ಸಲ, ಹತ್ತು ದಿನ ಹಚ್ಚಿದಳು. ಅಲರ್ಜಿ ಕಾಣಿಸಿಕೊಳ್ಳಲು ಹಲವು ದಿನ ಬೇಕಾಗಬಹುದು, ಆದ್ದರಿಂದ ಅಂಗಡಿಯಲ್ಲಿ ಮುಂಗೈಗೆ ಒಮ್ಮೆ ಸವರಿ ನೋಡುವುದರಿಂದ ಏನೂ ತಿಳಿಯದು. ಆಮೇಲೆ ಅರ್ಧಮುಖದ ಪರೀಕ್ಷೆ. ಚರ್ಮವೈದ್ಯದಲ್ಲಿ ಇದು ಒಪ್ಪಿತ ವಿಧಾನ. ಒಂದೇ ಬಿಸಿಲು, ಒಂದೇ ಊಟ, ಒಂದೇ ನಿದ್ದೆ ಇರುವ ಎರಡು ಕೆನ್ನೆಗಳನ್ನು ಹೋಲಿಸುವುದಕ್ಕಿಂತ ನ್ಯಾಯವಾದದ್ದು ಯಾವುದಿದೆ? ಅವಳ 150 ರೂಪಾಯಿಯ ಕ್ರೀಮನ್ನೂ ನನ್ನಲ್ಲಿದ್ದ 1,700 ರೂಪಾಯಿಯದನ್ನೂ ಅಕ್ಕ ಒಂದೇ ತರದ ಎರಡು ತೊಳೆದ ಡಬ್ಬಿಗೆ ತುಂಬಿ, ಒಂದರ ಮೇಲೆ ಕುಂಕುಮದ ಚುಕ್ಕೆ, ಇನ್ನೊಂದರ ಮೇಲೆ ಅರಿಸಿನದ ಚುಕ್ಕೆ ಇಟ್ಟಳು. ಯಾವುದು ಯಾವುದೆಂದು ಬರೆದ ಚೀಟಿ ಸಾಸಿವೆ ಡಬ್ಬಿಯೊಳಗೆ ಹೋಯಿತು. ಎರಡಕ್ಕೂ ಪರಿಮಳವಿರಲಿಲ್ಲ. ಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕಾದ್ದರಿಂದ 28 ದಿನ ಎಂದು ಗೊತ್ತುಮಾಡಿದೆವು. ಬಲಗೆನ್ನೆಗೆ ಕುಂಕುಮ, ಎಡಗೆನ್ನೆಗೆ ಅರಿಸಿನ.

ಮದುವೆ ಈ ನಡುವೆ ಬಂತು, ಹೋಯಿತು. ಉಳಿದ ಏಳು ಬ್ರಷ್‌ಗಳಲ್ಲಿ ಮೂರನ್ನು ಹಿಡಿದು ಅವಳೇ ಮೇಕಪ್ ಮಾಡಿಕೊಂಡಳು. ಮದುವೆಮನೆಯ ಫೋಟೋದಲ್ಲಿ ಎರಡು ಕೆನ್ನೆಗೂ ವ್ಯತ್ಯಾಸ ಹುಡುಕಿ ನಾವು ಮೂವರೂ ಸೋತೆವು.

28ನೇ ದಿನ ಬೆಳಿಗ್ಗೆ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿದೆವು. ಬಲಗೆನ್ನೆ ತುಸು ನುಣುಪೆಂದು ಅವಳಿಗೆ ಅನಿಸಿತು. ನನಗೂ ಹಾಗೇ ತೋರಿತು. ಅದು ದುಬಾರಿಯದೇ ಇರಬೇಕೆಂದು ಇಬ್ಬರೂ ಊಹಿಸಿದೆವು. ಅಕ್ಕ ಸಾಸಿವೆಯೊಳಗೆ ಬೆರಳಾಡಿಸಿ ಚೀಟಿ ತೆಗೆದಳು. ಕುಂಕುಮದ ಚುಕ್ಕೆ 150 ರೂಪಾಯಿಯದಾಗಿತ್ತು.

ಗೆದ್ದೆವೆಂದು ಕುಣಿಯಲು ನಾನು ಬಿಡಲಿಲ್ಲ. ಒಬ್ಬಳ ಒಂದು ಮುಖ, ಒಂದೇ ಸಲ. ಅವಳು ಬಲಮಗ್ಗುಲಲ್ಲಿ ಮಲಗುವವಳೋ, ಬಸ್ಸಿನಲ್ಲಿ ಯಾವ ಕಡೆಯ ಕಿಟಕಿಗೆ ಕೂರುವವಳೋ, ಯಾವ ಕೆನ್ನೆಗೆ ಫೋನು ಹಿಡಿಯುವವಳೋ, ಇದೆಲ್ಲ ಲೆಕ್ಕಕ್ಕೆ ಬರಬೇಕು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡೂ ಡಬ್ಬಿಗಳನ್ನು ಎದುರಿಗೆ ಇಟ್ಟುಕೊಂಡಳು. ಬಟ್ಟೆಯಿಂದ ಚುಕ್ಕೆಗಳನ್ನು ಒರೆಸಿ ಅಕ್ಕನತ್ತ ತಳ್ಳಿದಳು.

"ಅಮ್ಮಾ, ಮತ್ತೆ ಚುಕ್ಕೆ ಇಡು, ಯಾವುದು ಯಾವುದು ಅಂತ ನಮಗೆ ಗೊತ್ತಾಗಬಾರದು. ಚಿಕ್ಕೀ, ಸೋಮವಾರದಿಂದ ಕೆನ್ನೆ ಅದಲು ಬದಲು ಮಾಡೋಣ್ವಾ?"